ಸಿಗ್ನಲ್‌ನಲ್ಲಿ ನಿಂತಾಗ ಗಾಡಿ ನಡುಗುತ್ತಾ? ಇಂಜಿನ್ ಬಿಚ್ಚಿಸೋ ಮೊದಲು ಇದನ್ನ ಓದ್ರಿ

ಈ ವಾರ ಬೆಳೆ ಬಿಟ್ಟು ಗಾಡಿ ಬಗ್ಗೆ ಬರೀತಿದ್ದೀನಿ. ಹೋದ ಮಳೆಗಾಲದಲ್ಲಿ ನನ್ನ ತಲೆ ತಿಂದದ್ದು ರೋಗವೂ ಅಲ್ಲ, ಕೀಟವೂ ಅಲ್ಲ, ಕಾರಿನ ನಡುಕ.

ನಮ್ಮ ತೋಟ ಖಾನಾಪುರದ ಹತ್ತಿರ. ಶನಿವಾರ ಬೆಳಿಗ್ಗೆ ಸೊಪ್ಪು, ಬದನೆ, ಗೆಣಸು ಕ್ರೇಟಿಗೆ ತುಂಬ್ಕೊಂಡು ಬೆಳಗಾವಿಯ ತಿಲಕವಾಡಿ ಕಡೆ ಮನೆಗಳಿಗೆ ಕೊಟ್ಟು ಬರ್ತೀನಿ. ದಾರಿ ಸುಮಾರು 26 ಕಿಲೋಮೀಟರ್. ಗಾಡಿ ಅಂದ್ರೆ ಸೆಕೆಂಡ್ ಹ್ಯಾಂಡ್ ತಗೊಂಡ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಹಿಂದಿನ ಸೀಟು ಮಡಚಿದರೆ ಹತ್ತು ಕ್ರೇಟ್ ಹಿಡೀತದೆ. ಒಂದು ಶನಿವಾರ ಆರ್‌ಪಿಡಿ ಸರ್ಕಲ್‌ನಲ್ಲಿ ನಿಂತಾಗ ಹಿಂದೆ ಕ್ರೇಟುಗಳು ಒಂದಕ್ಕೊಂದು ತಾಗಿ ಕಟಕಟ ಅನ್ನೋಕೆ ಶುರು ಮಾಡಿದವು. ಕನ್ನಡಿಯೊಳಗೆ ಹಿಂದಿನ ಬಸ್ಸು ಎರಡೆರಡಾಗಿ ಕಾಣ್ತಿತ್ತು. ರೇಸ್ ಕೊಟ್ಟು ಮುಂದೆ ಹೋದೆ, ನಡುಕ ಕಡಿಮೆ ಆಯ್ತು. ವಾಪಸ್ ಬರುವಾಗ ದೇಸೂರು ದಾಟಿ ಖುಲ್ಲಾ ರಸ್ತೆಯಲ್ಲಿ 80ಕ್ಕೆ ಹೋದರೆ ಮತ್ತೆ ನಡುಕ. ಈ ಸಲ ಸ್ಟೇರಿಂಗ್‌ನಲ್ಲಿ.

ಇಲ್ಲೇ ನಾನು ಎಡವಿದ್ದು. ಎರಡೂ ಒಂದೇ ನಡುಕ ಅಂದ್ಕೊಂಡೆ.

ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ಟೈರ್ ಬಿಚ್ಚಿದ ಹುಡುಗ ರಿಮ್ಮಿನ ಒಳಗಡೆ ತೋರಿಸಿ ನಕ್ಕ: "ಅಣ್ಣಾರ, ಹೊಲಾನ ಹೊತಗೊಂಡು ಬಂದೀರಿ." ನಮ್ಮ ಕಡೆಯ ಕೆಂಪು ರಾಡಿ ಒಣಗಿ ಗಟ್ಟಿಯಾಗಿ ಅಂಟಿತ್ತು. ಅದನ್ನ ಕೆರೆದು ಬ್ಯಾಲೆನ್ಸ್ ಮಾಡಿದ ಮೇಲೆ 80ರ ನಡುಕ ಹೋಯ್ತು. (ಹೊಲದ ದಾರಿಯಲ್ಲಿ ಓಡಾಡೋರು ಇದನ್ನ ನೆನಪಿಡ್ರಿ. ನೀರಿನ ಪೈಪು ಹಿಡಿದು ರಿಮ್ಮಿನ ಒಳಭಾಗ ತೊಳೆದರೆ ಎಷ್ಟೋ ಸಲ ಬ್ಯಾಲೆನ್ಸಿಂಗ್ ಖರ್ಚೇ ಉಳೀತದೆ.) ಆದರೆ ಸಿಗ್ನಲ್‌ನಲ್ಲಿ ನಡುಗೋದು ಹಾಗೇ ಇತ್ತು.

ಬೆಳಗಾವಿಯ ಒಂದು ಗ್ಯಾರೇಜಿಗೆ ಹೋದೆ. ಅವರು ಬಾನೆಟ್ ಎತ್ತಿ, ಎರಡು ನಿಮಿಷ ಕೇಳಿ, "ಇಂಜಿನ್ ಬಿಚ್ಚಬೇಕಾಗ್ತದ, ಇಪ್ಪತ್ತೆರಡು ಸಾವಿರ ಹಿಡೀರಿ" ಅಂದ್ರು. ನನ್ನ ಒಂದು ತಿಂಗಳ ತರಕಾರಿ ದುಡ್ಡು ಅದು. ಗಾಡಿ ಎಂಟು ದಿನ ನಿಂತರೆ ಎರಡು ಶನಿವಾರ ತಪ್ಪುತ್ತೆ, ಗಿರಾಕಿಗಳು ಬೇರೆ ಕಡೆ ನೋಡ್ತಾರೆ. "ಯೋಚಿಸಿ ಹೇಳ್ತೀನ್ರಿ" ಅಂತ ವಾಪಸ್ ಬಂದೆ.

ಅವತ್ತು ರಾತ್ರಿ ನಮ್ಮ ಅರಭಾವಿ ತೋಟಗಾರಿಕೆ ಕಾಲೇಜಿನ ಪಾಠ ನೆನಪಾಯ್ತು. ಎಲೆ ಹಳದಿ ಆಯ್ತು ಅಂದ ಕೂಡಲೇ ಯಾರೂ ಔಷಧಿ ಬರೆದು ಕೊಡಲ್ಲ. ಹಳೇ ಎಲೆ ಮೊದಲು ಹಳದಿ ಆಯ್ತಾ, ಚಿಗುರು ಮೊದಲು ಆಯ್ತಾ ಅಂತ ಕೇಳ್ತಾರೆ. ಹಳೇ ಎಲೆಯಾದ್ರೆ ಸಾರಜನಕದ ಕೊರತೆ ಇರಬಹುದು, ಚಿಗುರಾದ್ರೆ ಕಬ್ಬಿಣದ್ದು. ಲಕ್ಷಣ ಒಂದೇ, ಎಲ್ಲಿ ಮತ್ತು ಯಾವಾಗ ಅನ್ನೋದೇ ಕಾರಣ ಹೇಳೋದು. ಗಾಡಿಗೂ ಹಾಗೇ ಕೇಳಿದ್ರೆ?

ಮೊದಲ ಪ್ರಶ್ನೆ: ಗಾಡಿ ನಿಂತಾಗ ನಡುಗುತ್ತಾ?

ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಇಂಜಿನ್ ಚಾಲೂ ಇಡ್ರಿ. ನಿಂತಲ್ಲೇ ನಡುಗಿದರೆ ಟೈರು, ರಿಮ್ಮು, ಆ್ಯಕ್ಸಲ್ ಎಲ್ಲಾ ಲೆಕ್ಕದಿಂದ ಹೊರಗೆ, ಯಾಕಂದ್ರೆ ಅವು ತಿರುಗ್ತಾನೇ ಇಲ್ಲ. ನಿಧಾನಕ್ಕೆ ರೇಸ್ ಕೊಟ್ಟು 1,000, 1,500, 2,000 ಆರ್‌ಪಿಎಂನಲ್ಲಿ ಒಂದೊಂದು ಕ್ಷಣ ನಿಲ್ಲಿಸಿ ನೋಡ್ರಿ. ಆರ್‌ಪಿಎಂ ಜೊತೆ ನಡುಕ ಬದಲಾದರೆ ಅದು ಇಂಜಿನ್ನಿನದ್ದು, ಇಲ್ಲಾ ಇಂಜಿನ್ನಿಗೆ ಕಟ್ಟಿದ ಯಾವುದಾದರೂ ಭಾಗದ್ದು.

ಓಡುವಾಗ ಮಾತ್ರ ನಡುಗಿದರೆ ಬೇರೆ ಪರೀಕ್ಷೆ. ಖಾಲಿ, ನೇರ ರಸ್ತೆಯಲ್ಲಿ ನಡುಕ ಬರೋ ವೇಗದಲ್ಲೇ ಗಾಡಿ ಇಟ್ಟು ಐದನೇ ಗೇರಿನಿಂದ ನಾಲ್ಕನೇದಕ್ಕೆ ತನ್ನಿ. ಚಕ್ರದ ವೇಗ ಅಷ್ಟೇ ಇರುತ್ತೆ, ಇಂಜಿನ್ನಿನ ವೇಗ ಏರುತ್ತೆ. ನಡುಕ ಬದಲಾಗಲಿಲ್ಲ ಅಂದ್ರೆ ಚಕ್ರದ ಕಡೆ ನೋಡ್ರಿ, ಬದಲಾದರೆ ಇಂಜಿನ್ ಕಡೆ. ಕೆಲವರು ಓಡ್ತಾ ಇಂಜಿನ್ ಬಂದ್ ಮಾಡಿ ನೋಡ್ತಾರೆ. ಅದು ಬ್ಯಾಡ್ರಿ. ಬ್ರೇಕ್ ಕಲ್ಲಿನಂಗ ಗಟ್ಟಿ ಆಗ್ತದೆ, ಪವರ್ ಸ್ಟೇರಿಂಗ್ ಹೋಗ್ತದೆ, ಕೀಲಿ ತಪ್ಪಿ ಪೂರ್ತಿ ಹಿಂದೆ ತಿರುಗಿದರೆ ಸ್ಟೇರಿಂಗ್ ಲಾಕೇ ಆಗಬಹುದು.

ಗಾಡಿ ಎಬ್ಬಿಸುವಾಗ, ಕ್ಲಚ್ ಬಿಡೋ ಹೊತ್ತಿಗೆ ಮಾತ್ರ ಗಡಗಡ ಅಂದರೆ ಅದು ಹೆಚ್ಚಾಗಿ ಕ್ಲಚ್ ಪ್ಲೇಟಿನ ವಿಷಯ. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಬ್ರೇಕ್ ಡಿಸ್ಕ್. ಇವು ಬೇರೆ ಲೇಖನಕ್ಕಾದವು.

ಹೊಡೆತ ತಪ್ಪುತ್ತಿದೆಯೋ, ರಬ್ಬರ್ ಹೋಗಿದೆಯೋ

ನಿಂತಲ್ಲೇ ನಡುಗೋ ಗಾಡಿಗೆ ಎರಡು ದೊಡ್ಡ ಕಾರಣ. ಒಂದು, ಇಂಜಿನ್ನೇ ಸಮವಾಗಿ ಓಡ್ತಿಲ್ಲ. ಮಿಸ್ತ್ರಿಗಳು ಇದಕ್ಕೆ "ಮಿಸ್ಸಿಂಗ್" ಅಂತಾರೆ. ಎರಡು, ಇಂಜಿನ್ ಸರಿಯಾಗೇ ಇದೆ, ಅದನ್ನ ಚಾಸಿಗೆ ಹಿಡಿದಿರೋ ರಬ್ಬರಿನ ಮೌಂಟಿಂಗ್ ಸೀಳಿದೆ.

ಡೀಸೆಲ್ ಪಂಪ್‌ಸೆಟ್ ಕಂಡೋರಿಗೆ ಇದು ಹೊಸದಲ್ಲ. ಫೌಂಡೇಶನ್ ಬೋಲ್ಟ್ ಸಡಿಲಾದ್ರೆ ಇಂಜಿನ್ ಕುಣೀತದೆ, ಆದರೆ ಅದರ ಡುಗ್ ಡುಗ್ ತಾಳ ತಪ್ಪಲ್ಲ. ಇಂಜೆಕ್ಟರ್ ಕೈ ಕೊಟ್ಟರೆ ತಾಳವೇ ತಪ್ಪುತ್ತೆ. ಕಾರಿನಲ್ಲೂ ಕಣ್ಣಿಗಿಂತ ಕಿವಿ ಮೊದಲು. ಸೈಲೆನ್ಸರ್ ಹಿಂದೆ ಒಂದು ಗೇಣು ದೂರದಲ್ಲಿ ಕಾಗದದ ತುಂಡು ಹಿಡೀರಿ. ಹೊಗೆ ಸಮವಾಗಿ ಬಂದರೆ ಕಾಗದ ಒಂದೇ ಸಮ ಹಾರ್ತದೆ. ಹೊಡೆತ ತಪ್ಪಿದರೆ ನಡುನಡುವೆ ಪಟ್ ಅಂತ ಹಿಂದೆ ಸೆಳೆದುಕೊಳ್ತದೆ.

ಮೌಂಟಿಂಗ್ ನೋಡೋಕೆ ಇನ್ನೊಬ್ಬರು ಬೇಕು. ಬಾನೆಟ್ ಎತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಒಳಗಿದ್ದವರು ಒಂದನೇ ಗೇರಿನಲ್ಲಿ ಕ್ಲಚ್ಚನ್ನ ಅರ್ಧಕ್ಕಿಂತ ಕಡಿಮೆ ಬಿಡಬೇಕು, ಆಮೇಲೆ ರಿವರ್ಸಿನಲ್ಲಿ ಹಾಗೇ. ಇಂಜಿನ್ ಸ್ವಲ್ಪ ವಾಲೋದು ಸಹಜ. ಎದ್ದು ಕೂತಂಗೆ ಜಿಗಿದರೆ ಆ ಕಡೆಯ ರಬ್ಬರ್ ಹೋಗಿದೆ. ನೋಡೋರು ಪಕ್ಕದಲ್ಲಿ ನಿಲ್ಲಬೇಕು. ಗಾಡಿಯ ಮುಂದೆ ನಿಂತು ನೋಡೋ ಧೈರ್ಯ ಯಾರೂ ಮಾಡಬ್ಯಾಡ್ರಿ. ಬಂದ್ ಮಾಡಿದಾಗ "ಧಡ್" ಅನ್ನೋ ಸದ್ದು, ಗೇರ್ ಹಾಕಿದಾಗ ಒಂದು ಪೆಟ್ಟು, ಇವೂ ಮೌಂಟಿಂಗಿನ ಗುರುತೇ. ಇಂಜಿನ್ ಎಣ್ಣೆ ಸೋರಿ ರಬ್ಬರಿನ ಮೇಲೆ ಬಿದ್ದರೆ ಅದು ಉಬ್ಬಿ ಮೆತ್ತಗಾಗುತ್ತೆ. ಹೊಸದು ಹಾಕೋ ಮೊದಲು ಸೋರಿಕೆ ನಿಲ್ಲಿಸ್ರಿ.

ಇಂಜಿನ್ನನ್ನ ರಬ್ಬರಿನ ಮೇಲೆ ಕೂರಿಸೋ ಉಪಾಯಕ್ಕೆ ದೊಡ್ಡ ಹೆಸರು ತಂದದ್ದು ಅಮೆರಿಕದ ಕ್ರೈಸ್ಲರ್ ಕಂಪನಿ. 1931ರಲ್ಲಿ ತನ್ನ ಪ್ಲಿಮತ್ ಕಾರಿನಲ್ಲಿ ಅದನ್ನ "ಫ್ಲೋಟಿಂಗ್ ಪವರ್" ಅಂತ ಹೆಸರಿಟ್ಟು ಮಾರಿತು. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಪಿಸ್ಟನ್‌ಗಳು ಎಷ್ಟೇ ಜೋಡಿಯಾಗಿ ಏರಿಳಿದರೂ ಒಂದು ಸುತ್ತಿಗೆ ಎರಡು ಸಲ ಬರೋ ಸಣ್ಣ ಅದುರು ಉಳಿದೇ ಉಳಿಯುತ್ತೆ. ಅದನ್ನ ನುಂಗೋದು ರಬ್ಬರಿನ ಕೆಲಸ. ಮೂರು ಸಿಲಿಂಡರಿನದು ಇನ್ನೊಂದು ಥರ: ಇಂಜಿನ್ ಒಂದು ತುದಿಯಿಂದ ಇನ್ನೊಂದು ತುದಿಗೆ ತೊಟ್ಟಿಲಿನಂಗೆ ತೂಗ್ತದೆ. 1983ರಲ್ಲಿ ಬಂದ ಮಾರುತಿ 800 ಮೂರು ಸಿಲಿಂಡರಿನದು, ಇವತ್ತಿನ ಎಷ್ಟೋ ಸಣ್ಣ ಕಾರುಗಳೂ ಅಷ್ಟೇ. ಹಾಗಾಗಿ ಮೂರು ಸಿಲಿಂಡರಿನ ಗಾಡಿ ನಿಂತಾಗ ಸ್ವಲ್ಪ ಅದುರಿದರೆ ಗಾಬರಿ ಬೇಡ. ಹೋದ ತಿಂಗಳಿಗಿಂತ ಹೆಚ್ಚಾಯ್ತಾ ಅನ್ನೋದು ಮುಖ್ಯ.

ಫೋನ್ ಕೈಯಲ್ಲೇ ಇದೆಯಲ್ಲ

ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳ ಪ್ರಯೋಗಕ್ಕೆ ಅಂತ ಮಾಡಿದ್ದು, ಪುಕ್ಕಟೆ. ಫೋನಿನೊಳಗಿನ ಅಕ್ಸೆಲರೋಮೀಟರ್ ಬಳಸಿ ಸೆಕೆಂಡಿಗೆ ಎಷ್ಟು ಸಲ ಅದುರುತ್ತಿದೆ ಅಂತ ಗ್ರಾಫ್ ತೋರಿಸುತ್ತೆ. ಫೋನನ್ನ ಸೀಟಿನ ಕೆಳಗೆ ನೆಲದ ಮೇಲೆ ಅಲುಗದಂತೆ ಇಟ್ಟು ಒಂದು ನಿಮಿಷ ಓಡಿಸ್ರಿ. ಇಂಜಿನ್ ಮೇಲೆ ಮಾತ್ರ ಇಡಬ್ಯಾಡ್ರಿ. ಬಿಸಿ ಒಂದು ಕಡೆ, ಜೋರು ಅದುರಿಗೆ ಕ್ಯಾಮೆರಾ ಕೆಡಬಹುದು. ಬೈಕಿನ ಹ್ಯಾಂಡಲ್ಲಿಗೆ ಐಫೋನ್ ಕಟ್ಟೋರಿಗೆ 2021ರಲ್ಲಿ ಆ್ಯಪಲ್ ಕಂಪನಿಯೇ ಈ ಎಚ್ಚರಿಕೆ ಕೊಟ್ಟಿತ್ತು.

ಈಗ ಲೆಕ್ಕ. ನಿಂತಾಗ 800 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 13 ಸುತ್ತು ಮತ್ತೊಂಚೂರು. ನಾಲ್ಕು ಸಿಲಿಂಡರಿನಲ್ಲಿ ಒಂದು ಸುತ್ತಿಗೆ ಎರಡು ಹೊಡೆತ, ಹಾಗಾಗಿ ಗ್ರಾಫಿನ ಎತ್ತರದ ಕಂಬ 27ರ ಹತ್ತಿರ ಬರಬೇಕು. ಮೂರು ಸಿಲಿಂಡರಾದ್ರೆ 20. ಒಂದು ಸಿಲಿಂಡರ್ ಸತ್ತಿದ್ದರೆ ಆ ತಪ್ಪಿದ ಹೊಡೆತ ಎರಡು ಸುತ್ತಿಗೊಮ್ಮೆ ಬರುತ್ತೆ, ಅಂದ್ರೆ 7ರ ಹತ್ತಿರ ಹೊಸ ಕಂಬ ಏಳುತ್ತೆ. ಚಕ್ರದ್ದು ಬೇರೆ: 14 ಇಂಚಿನ ರಿಮ್ಮಿನ ಸಣ್ಣ ಕಾರಿನ ಟೈರ್ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಹೋಗುತ್ತೆ. 80ರ ವೇಗದಲ್ಲಿ ಸೆಕೆಂಡಿಗೆ 12 ಸುತ್ತು. ಅದೇ ಹೊತ್ತಿಗೆ ಇಂಜಿನ್ 3,000 ಆರ್‌ಪಿಎಂನಲ್ಲಿದ್ದರೆ ಅದರದು 50 ಸುತ್ತು. ಓಡುವಾಗ ನೋಡೋದಾದ್ರೆ ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ.

ನನ್ನ ಗಾಡಿಯಲ್ಲಿ ನಿಂತಾಗ 27ರ ಕಂಬವೂ ಇತ್ತು, 6.5ರ ಹತ್ತಿರ ಇನ್ನೊಂದೂ ಇತ್ತು. ಒಂದು ಸಿಲಿಂಡರ್ ಸರಿ ಹೊಡೀತಿಲ್ಲ ಅಂತ ಅವತ್ತೇ ಗೊತ್ತಾಯ್ತು.

ಯಾವುದು ಅಂತ ತಿಳಿಯೋಕೆ ಒಬಿಡಿ ರೀಡರ್. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಗಿಸೋ ಬೆಂಕಿಪೊಟ್ಟಣದಷ್ಟು ಸಾಮಾನು, ಬ್ಲೂಟೂತ್‌ನಿಂದ ಫೋನಿಗೆ ಮಾತಾಡುತ್ತೆ. ಸಾದಾ ರೀಡರ್ ಸಾವಿರ ರೂಪಾಯಿಯೊಳಗೆ ಸಿಗ್ತದೆ, ನಾಲ್ಕು ಗೆಳೆಯರು ಸೇರಿ ಒಂದು ತಗೊಂಡ್ರೂ ಸಾಕು. ಐಫೋನ್ ಇದ್ದೋರು ಅದಕ್ಕೆ ಹೊಂದೋ ರೀಡರ್ ಕೇಳಿ ತಗೊಳ್ರಿ. ಪಿ0300 ಅಂತ ಕೋಡ್ ಬಂದರೆ ಹೊಡೆತ ತಪ್ಪೋದು ಒಂದೇ ಸಿಲಿಂಡರಿಗೆ ಸೀಮಿತವಲ್ಲ, ಅಲ್ಲಿ ಇಲ್ಲಿ ತಪ್ಪುತ್ತಿದೆ. ಪಿ0301 ಅಂದ್ರೆ ಒಂದನೇ ಸಿಲಿಂಡರ್, ಪಿ0302 ಎರಡನೇದು, ಹೀಗೆ. ನನಗೆ ಬಂದದ್ದು ಪಿ0303. ಕೋಡ್ ಸಿಲಿಂಡರ್ ಹೇಳುತ್ತೆ, ಕಾರಣ ಹೇಳಲ್ಲ. ಕೋಡ್ ನೋಡಿ ನೇರ ಪ್ಲಗ್ಗು, ಕಾಯಿಲ್ ಕೊಳ್ಳೋಕೆ ಓಡೋರು ಬಹಳ ಜನ. ನಾನೂ ನಾಲ್ಕು ಪ್ಲಗ್ ಹೊಸದಾಗಿ ಹಾಕಿಸಿದೆ. ಏನೂ ಆಗಲಿಲ್ಲ.

ಕಾಕಾನ ಸ್ಕ್ರೂಡ್ರೈವರ್

ಕೊನೆಗೆ ಹೋದದ್ದು ಖಾನಾಪುರದ ಒಬ್ಬ ಮಿಸ್ತ್ರಿ ಕಡೆ. ಅರವತ್ತು ದಾಟಿದವರು, ಅರ್ಧ ಮರಾಠಿ ಅರ್ಧ ಕನ್ನಡ, ಎಲ್ಲರಿಗೂ ಕಾಕಾ. ಫೋನಿನ ಗ್ರಾಫ್ ತೋರಿಸಿದೆ. "ಚಲೋ ಐತಿ" ಅಂದು ಬಾನೆಟ್ ಎತ್ತಿದರು.

ಮೊದಲು ಮೂರನೇ ಸಿಲಿಂಡರಿನ ಕಾಯಿಲ್ ತೆಗೆದು ಎರಡನೇದಕ್ಕೆ, ಎರಡನೇದನ್ನ ಮೂರಕ್ಕೆ ಹಾಕಿದರು. ಕೋಡ್ ಅಳಿಸಿ ಹತ್ತು ನಿಮಿಷ ಓಡಿಸಿದ್ವಿ. ತಪ್ಪು ಕಾಯಿಲ್‌ನಲ್ಲಿ ಇದ್ದಿದ್ದರೆ ಕೋಡ್ ಪಿ0302 ಆಗಬೇಕಿತ್ತು, ಪಿ0303 ಹಾಗೇ ಬಂತು. ಈ ಅದಲುಬದಲಿನ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಒಂದೇ ಷರತ್ತು, ಇಂಜಿನ್ ಬಂದ್ ಮಾಡಿ, ಆರಿದ ಮೇಲೆ ಬಿಚ್ಚಬೇಕು. ಓಡೋ ಇಂಜಿನ್ನಿನ ಪ್ಲಗ್ ವೈರ್ ಕೈಯಿಂದ ಎಳೆದರೆ ಸಾವಿರಾರು ವೋಲ್ಟಿನ ಹೊಡೆತ ಬೀಳ್ತದೆ.

ಆಮೇಲೆ ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನ ಇಂಜೆಕ್ಟರ್ ಮೇಲಿಟ್ಟು ಹಿಡಿಕೆಗೆ ಕಿವಿ ಕೊಟ್ಟರು. ಒಂದು, ಎರಡು, ನಾಲ್ಕು ಮೂರೂ ಟಿಕ್ ಟಿಕ್ ಟಿಕ್. ಮೂರನೇದು ಟಿಕ್ ಟಿಕ್ ಅಂದು ಸುಮ್ಮನಾಗ್ತಿತ್ತು, ಮತ್ತೆ ಟಿಕ್ ಅಂತಿತ್ತು. "ತಮ್ಮಾ, ಇದಕ ಕರೆಂಟ್ ಸಿಗವಲ್ದು." ವೈರಿನ ಮೇಲಿನ ಕರೀ ಕೊಳವೆ ಬಿಚ್ಚಿ ನೋಡಿದರೆ ಇಲಿ ಕಡಿದ ಗುರುತು. ತಾಮ್ರದ ಎರಡು ಎಳೆ ಮಾತ್ರ ಉಳಿದಿದ್ದವು. ಇಂಜಿನ್ ಅದುರಿದಾಗ ಅವು ತಾಗ್ತಿದ್ದವು, ಬಿಡ್ತಿದ್ದವು.

ನಾನು ಗಾಡಿ ನಿಲ್ಲಿಸೋದು ಹುಲ್ಲಿನ ಬಣವಿ ಪಕ್ಕ, ಅದರಾಚೆ ಗೆಣಸು ಇಡೋ ಕೋಣೆ. ಮಳೆಗಾಲದಲ್ಲಿ ಇಲಿಗೆ ಇದಕ್ಕಿಂತ ಬೆಚ್ಚನೆ ಮನೆ ಎಲ್ಲಿ ಸಿಗಬೇಕು?

ವೈರ್ ತುಂಡು ಸೇರಿಸಿ ಬೆಸುಗೆ ಹಾಕಿ, ಕೊಳವೆ ಏರಿಸಿದ ಕೂಲಿ 200 ರೂಪಾಯಿ. 7ರ ಹತ್ತಿರದ ಕಂಬ ಹೋಯ್ತು. ಸ್ವಲ್ಪ ಅದುರು ಇನ್ನೂ ಇತ್ತು, ಅದು ಬಲಗಡೆಯ ಮೌಂಟಿಂಗ್ ರಬ್ಬರ್. ಅದನ್ನ ಮುಂದಿನ ವಾರ ಬದಲಿಸಿದ್ವಿ. ಲೆಕ್ಕ ಹಾಕಿದರೆ ಒಂದೇ ಗಾಡಿಯಲ್ಲಿ ಮೂರು ನಡುಕ, ಮೂರು ಕಾರಣ: ರಿಮ್ಮಿನ ರಾಡಿ, ಇಲಿ ಕಡಿದ ವೈರ್, ಸೀಳಿದ ರಬ್ಬರ್.

ಬೇರೆಯವರಿಗೆ ಬೇರೆ ಕಾರಣ ಇರಬಹುದು

ನಿಂತಾಗ ನಡುಗಿ, ರೇಸ್ ಕೊಟ್ಟರೆ ಪೂರ್ತಿ ಸರಿಯಾಗೋ ಪೆಟ್ರೋಲ್ ಗಾಡಿಯಲ್ಲಿ ಗಾಳಿಯ ಸಣ್ಣ ಪೈಪು ಸೀಳಿದೆಯಾ ನೋಡ್ರಿ, ಸುಂಯ್ ಅನ್ನೋ ಸದ್ದು ಕೇಳ್ತದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿದ್ದರೂ ಹೀಗೇ ಆಗ್ತದೆ. ಎಸಿ ಹಾಕಿದಾಗ ಮಾತ್ರ ನಡುಗಿದರೆ ಐಡ್ಲಿಂಗ್ ಭಾರ ತಡೀತಿಲ್ಲ ಅಂತ. ತನ್ನಷ್ಟಕ್ಕೆ ಬಂದು ತನ್ನಷ್ಟಕ್ಕೆ ಹೋಗೋ ನಡುಕವಾದ್ರೆ ರೇಡಿಯೇಟರ್ ಫ್ಯಾನ್ ತಿರುಗೋ ಹೊತ್ತಿಗೆ ಬರುತ್ತಾ ಗಮನಿಸ್ರಿ, ಒಂದು ರೆಕ್ಕೆ ಮುರಿದಿದ್ದರೂ ಸಾಕು.

ಡೀಸೆಲ್ ಪಿಕಪ್ ಇದ್ದೋರಿಗೆ ಒಂದು ಗಟ್ಟಿ ಎಚ್ಚರಿಕೆ. ಹಳೇ ಪಂಪ್‌ಸೆಟ್ಟಿನಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ನೋಡೋ ರೂಢಿ ಇದೆ. ಈಗಿನ ಕಾಮನ್ ರೈಲ್ ಡೀಸೆಲ್ ಇಂಜಿನ್ನಿನಲ್ಲಿ ಅದನ್ನ ಮಾಡಲೇಬ್ಯಾಡ್ರಿ. ಆ ಪೈಪಿನಲ್ಲಿ ಸಾವಿರ ಬಾರ್‌ಗಿಂತ ಹೆಚ್ಚು ಒತ್ತಡ ಇರ್ತದೆ, ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗ್ತದೆ. ಅದಕ್ಕೆ ರೀಡರ್ ಸಾಕು. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ಕೆಳಗೆ ಕೂತ ನೀರು ಬಸಿದು ನೋಡ್ರಿ, ಎಷ್ಟೋ ನಡುಕ ಅಲ್ಲೇ ನಿಲ್ತದೆ.

ಚೆಕ್ ಇಂಜಿನ್ ದೀಪ ಸುಮ್ಮನೆ ಉರಿದರೆ ಮನೆ ಮುಟ್ಟಬಹುದು. ಮಿಣುಕಿದರೆ ನಿಧಾನ ಮಾಡಿ ನಿಲ್ಲಿಸ್ರಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರೀತದೆ, ಅದು ಕೆಂಪಗೆ ಕಾಯ್ತದೆ. ಸಾವಿರಾರು ರೂಪಾಯಿಯ ಸಾಮಾನು ಹಾಳಾಗೋದು ಒಂದು ಕಡೆ. ಭತ್ತದ ರಾಶಿ ಮಾಡೋ ಕಾಲಕ್ಕೆ ಅಂಥ ಗಾಡಿ ತಂದು ಒಣ ಹುಲ್ಲಿನ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತೋಕೆ ಬೇರೇನೂ ಬೇಕಿಲ್ಲ. ನಾನು ಆ ಮೂರು ವಾರ ಗಾಡಿ ಎಲ್ಲಿ ನಿಲ್ಲಿಸಿದ್ದೆ ಅಂತ ಈಗ ನೆನೆಸಿಕೊಂಡರೆ ಮೈ ಜುಂ ಅಂತದೆ.

ಇಂಜಿನ್ ಬಿಚ್ಚಲೇಬೇಕಾದ ರೋಗವೂ ಇದೆ. ಕೂಲೆಂಟ್ ಸೋರಿಕೆ ಕಾಣದೇ ಕಡಿಮೆ ಆಗ್ತಾ ಇದ್ದು, ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಳದಿಂದ ಟಕ್ ಟಕ್ ಅಂತ ರೇಸ್ ಜೊತೆ ಏರೋ ಸದ್ದು, ಮೇಲೆ ಆಯಿಲ್ ದೀಪ ಹತ್ತಿದರೆ ಅಲ್ಲೇ ಬಂದ್ ಮಾಡಿ ಟೋಯಿಂಗ್ ಗಾಡಿ ಕರೀರಿ. ಆದರೆ ಬಿಚ್ಚಬೇಕು ಅಂದವರಿಗೆ ಒಂದು ಮಾತು ಕೇಳ್ರಿ: "ಕಂಪ್ರೆಶನ್ ನೋಡೀರೇನ್ರಿ? ಪ್ರತಿ ಸಿಲಿಂಡರಿಂದು ಎಷ್ಟು ಬಂತು?" ಮೂರು ಒಂದೇ ಸಮ ಇದ್ದು ನಾಲ್ಕನೇದು ಬಹಳ ಕೆಳಗಿದ್ದರೆ ಅವರ ಮಾತಿಗೆ ಆಧಾರ ಇದೆ. ನೋಡೇ ಇಲ್ಲ ಅಂದ್ರೆ ಮೊದಲು ನೋಡಿಸ್ರಿ.

ಇಲಿಗೆ ಏನು ಮಾಡಿದೆ ಅಂತ ಕೇಳ್ತೀರಿ. ವಿಷ ಇಡಲ್ಲ, ನಮ್ಮಲ್ಲಿ ಗೂಬೆ, ಕೇರೆ ಹಾವು ಎರಡೂ ಇವೆ. ಗಾಡಿ ಬಣವಿಯಿಂದ ದೂರ, ಅಂಗಳದ ನಡುವೆ ನಿಲ್ಲಿಸ್ತೀನಿ, ವಾರಕ್ಕೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಹಿಡಿದು ಹಿಕ್ಕೆ ಬಿದ್ದಿದೆಯಾ ನೋಡ್ತೀನಿ. ಅವ್ವ ಸಾಕಿದ ಬೆಕ್ಕು ಈಗ ರಾತ್ರಿ ಇಂಜಿನ್ನಿನ ಬಿಸಿಗೆ ಅಲ್ಲೇ ಮಲಗೋಕೆ ಶುರು ಮಾಡಿದೆ. ಇಲಿ ಬರೋದು ನಿಂತಿದೆ. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮೊದಲು ಬಾನೆಟ್ ಮೇಲೆ ಎರಡು ಸಲ ಬಡಿದು, ಅದು ಇಳಿದು ಹೋದದ್ದು ನೋಡಿಯೇ ಕೀಲಿ ತಿರುಗಿಸ್ತೀನಿ.